ಇನ್ಸಾಫ್ ಹೇಳದೆ ಹೋದ ಹರಕೆ

ನನ್ನ ಹೆಂಡತಿ ಇನ್ಸಾಫ್ ತೀರಿಕೊಂಡ ಮೇಲೆ ಮೂರು ಸಂಜೆ ಮನೆಯ ಮುಂದೆ ಕುರ್‌ಆನ್ ಓದಿಸಿದೆವು. ಬಂದವರಿಗೆಲ್ಲ ಸಕ್ಕರೆ ಹಾಕದ ಕಾಫಿ ಕೊಟ್ಟೆವು. ಮೂರನೆಯ ಸಂಜೆ ಬಾಡಿಗೆಗೆ ಕೊಟ್ಟವನು ಬಂದು ಓಣಿಯಲ್ಲಿ ಹಾಕಿದ್ದ ಕುರ್ಚಿಗಳನ್ನು ಗಾಡಿಗೆ ಹೇರಿಕೊಂಡು ಹೋದ. ಓಣಿ ಮೊದಲಿನ ಹಾಗೆ ಅಗಲವಾಯಿತು. ನನಗೆ ಆ ಅಗಲವನ್ನು ನೋಡಲಾಗದೆ ಒಳಗೆ ಬಂದು ಕುಳಿತೆ.

ಒಳಗೆ ಹಿಕ್ಮತ್ ಬಟ್ಟಲು ತೊಳೆಯುತ್ತಿದ್ದಳು. ಹಿಕ್ಮತ್ ಇನ್ಸಾಫಳ ತಂಗಿ. ವಿಧವೆ, ಕೋಮ್ ಅದ್ದಿಕ್ಕಾ ಗುಡ್ಡದ ಮೇಲೆ ತವರಿನ ಮನೆಯಲ್ಲೇ ಇದ್ದಾಳೆ. ನಮಗೆ ಮಕ್ಕಳಿಲ್ಲದ್ದರಿಂದ ಈ ಸಾವಿನ ಮನೆಗೆ ಮಗಳೂ ಅವಳೇ, ಸೊಸೆಯೂ ಅವಳೇ ಆಗಿದ್ದಳು. ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಹತ್ತಿರ ನಿಂತಳು.

"ಹಾಜಿ, ಒಂದು ಮಾತು ಹೇಳ್ಬೇಕು. ಬಯ್ಯಬಾರದು."

"ಬಯ್ಯೋದಕ್ಕೆ ಶಕ್ತಿ ಎಲ್ಲಿದೆ? ಹೇಳು."

"ಅಕ್ಕನ ಮೇಲೆ ಒಂದು ಹರಕೆ ಉಳ್ಕೊಂಡಿದೆ."

ನಾನು ಜಪಮಣಿ ಕೆಳಗಿಟ್ಟೆ. ಹಿಕ್ಮತ್ ಹೇಳಿದ್ದು ಇಷ್ಟು. ಹೋದ ವರ್ಷ ನಾನು ಎದೆನೋವಿನಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇನ್ಸಾಫ್ ಎಲ್ಲೋ ಒಂದು ಹರಕೆ ಹೊತ್ತಿದ್ದಳು. ನಾನು ಎದ್ದು ಬಂದೆ. ಹರಕೆ ಮಾತ್ರ ಉಳಿಯಿತು. ಕೊನೆಯ ವಾರದಲ್ಲಿ ತಂಗಿಯ ಕೈ ಹಿಡಿದು, "ನನ್ನದೊಂದು ಹರಕೆ ಇದೆ ಹಿಕ್ಮತ್, ಹಾಜಿಗೆ ಹೇಳ್ಬೇಡ, ನಾನೇ ಎದ್ದ ಮೇಲೆ ತೀರಿಸ್ತೀನಿ" ಅಂದಿದ್ದಳು.

"ಯಾವ ಹರಕೆ? ಎಲ್ಲಿ? ಕೇಳಲಿಲ್ಲವಾ ನೀನು?"

"ಹೇಗೆ ಕೇಳ್ಲಿ ಹಾಜಿ? ಎದ್ದ ಮೇಲೆ ಅಂತ ಅವಳು ಅಂತಿದ್ದಾಳೆ. ನಾನು ಎಲ್ಲಿ, ಏನು ಅಂತ ವಿಚಾರಿಸಿದ್ರೆ, ನೀನು ಏಳಲ್ಲ ಅಂತ ಮುಖಕ್ಕೇ ಹೇಳಿದ ಹಾಗಲ್ವಾ?"

ನಾನಾಗಿದ್ದರೂ ಕೇಳುತ್ತಿರಲಿಲ್ಲ.

ಹರಕೆಯೆಂದರೆ ಅಲ್ಲಾಹನಿಗೆ ಕೊಟ್ಟ ಮಾತು. ಸತ್ತವರು ಬಿಟ್ಟುಹೋದ ಮಾತನ್ನು ಇದ್ದವರು ನಡೆಸಬೇಕು. ಅವಳ ನಲವತ್ತನೆಯ ದಿನದ ಓದು ಬರುವುದರೊಳಗೆ ಇದು ಮುಗಿಯಬೇಕೆಂದು ನನ್ನ ಮನಸ್ಸು ಹೇಳಿತು. ಮಣ್ಣಿನೊಳಗೆ ಅವಳು ಹೆಗಲಿನ ಭಾರ ಇಳಿಸದೆ ಮಲಗಿದ್ದಾಳೆ ಎಂಬ ಯೋಚನೆ ನನ್ನನ್ನು ಕೂರಲು ಬಿಡಲಿಲ್ಲ. ಮರುದಿನ ಮುಂಜಾನೆಯ ನಮಾಜಿನ ನಂತರ ನಮ್ಮ ಮಸೀದಿಯ ಇಮಾಮರನ್ನು ಕೇಳಿದೆ. ಅವರು ಒಳ್ಳೆಯ ಮನುಷ್ಯ, ಓದಿಕೊಂಡವರು. "ಹರಕೆ ಏನೆಂದೇ ಗೊತ್ತಿಲ್ಲದಿದ್ದರೆ ಹತ್ತು ಬಡವರಿಗೆ ಊಟ ಹಾಕಿ ಹಾಜಿ ಯಾಕೂತ್. ಅಲ್ಲಿಗೆ ಅವಳು ಮುಕ್ತಳು" ಅಂದರು.

ಇದನ್ನು ಬಂದು ಹಿಕ್ಮತ್‌ಗೆ ಹೇಳಿದರೆ ಅವಳು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು.

"ದಂಡ ಕಟ್ಟಿ ಬಿಡಿಸ್ಕೊಂಡು ಬರೋದಕ್ಕೆ ನಮ್ಮಕ್ಕ ಏನು ಪೊಲೀಸ್ ಠಾಣೇಲಿ ಇದ್ದಾಳಾ? ಹತ್ತು ಜನಕ್ಕೆ ಊಟ ಹಾಕಿ, ಬೇಡ ಅನ್ನಲ್ಲ. ಆದ್ರೆ ಅವಳು ಯಾವ ಬಾಗಿಲಲ್ಲಿ ನಿಂತು ಮಾತು ಕೊಟ್ಟಳೋ ಆ ಬಾಗಿಲಲ್ಲೇ ಹಾಕ್ಬೇಕು."

ಹರಕೆ ಏನಿರಬಹುದು ಎಂಬುದರ ಬಗ್ಗೆ ನಮಗಿಬ್ಬರಿಗೂ ಸಂಶಯ ಇರಲಿಲ್ಲ. ನಮ್ಮ ಹೆಂಗಸರ ಹರಕೆಯೆಂದರೆ ಒಂದೇ, ಮೊಳಕೆ ಬರಿಸಿದ, ಅವರೆಯಂಥ ಫೂಲ್ ಕಾಳಿನ ಸಾರು. ಜೀರಿಗೆ ಹಾಕಿ ಕುದಿಸಿ, ದೊಡ್ಡ ಪಾತ್ರೆಯಲ್ಲಿ ಹೊತ್ತುಕೊಂಡು ಹೋಗಿ, ಯಾವುದಾದರೂ ಪುಣ್ಯಪುರುಷರ ಬಾಗಿಲಲ್ಲಿ ಕೂತವರಿಗೆ ಬಡಿಸುವುದು. ಬಾಗಿಲು ಯಾವುದು ಎನ್ನುವುದೊಂದೇ ಪ್ರಶ್ನೆ. ನಮ್ಮ ಅಲೆಕ್ಸಾಂಡ್ರಿಯಾದಲ್ಲಿ ಟ್ರಾಮಿನ ಎರಡು ನಿಲ್ದಾಣಕ್ಕೊಬ್ಬರಂತೆ ಪುಣ್ಯಪುರುಷರು ಮಲಗಿದ್ದಾರೆ. ಅವರನ್ನು ನಾವು ಸೀದಿ ಎನ್ನುತ್ತೇವೆ, ಎಷ್ಟೋ ನಿಲ್ದಾಣಗಳಿಗೂ ಅವರದೇ ಹೆಸರು.

ಮೊದಲ ಶುಕ್ರವಾರ ನಾವು ದೂರ ಹೋಗಲಿಲ್ಲ. ನಮ್ಮದೇ ಬಹ್ರೀ ಕೇರಿಯ ಸೀದಿ ಅಬುಲ್ ಅಬ್ಬಾಸರ ಮಸೀದಿಗೆ ಹೋದೆವು. ಆ ಬಾಗಿಲನ್ನು ಬಿಟ್ಟು ಇನ್ನೆಲ್ಲಿ ಎಂದು ನನಗೆ ಅನಿಸಿತ್ತು. ನಾನು ಹುಟ್ಟಿದ್ದು ಅದರ ನೆರಳಿನಲ್ಲಿ, ಮದುವೆಯಾದದ್ದು ಅಲ್ಲಿ. ಕೆಲಸ ಮಾಡಿದ ಅನ್ಫೂಶಿಯ ದೋಣಿ ಅಂಗಳ ಅಲ್ಲಿಂದ ಕೂಗಿದರೆ ಕೇಳಿಸುವಷ್ಟು ದೂರ. ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುರುಕಿ, ಮೇಲೆ ರಾಳ ಬಳಿದು, ನೀರು ಒಳಗೆ ಬಾರದಂತೆ ಮಾಡುವುದು ನನ್ನ ಕಸುಬಾಗಿತ್ತು.

ಹಿಕ್ಮತ್ ಬಡಿಸಿದಳು, ನಾನು ಪಾತ್ರೆ ಹಿಡಿದೆ. ಪಕ್ಕದಲ್ಲಿ ಯಾರದೋ ಇನ್ನೊಂದು ಹರಕೆ ನಡೆಯುತ್ತಿತ್ತು. ಆ ಕಡೆಯ ಹುಡುಗಿಯೊಬ್ಬಳು ರೊಟ್ಟಿಯ ಮೇಲೆ ಅನ್ನ, ಮಾಂಸ ಇಟ್ಟು, "ತಗೊಳ್ಳಿ ಚಿಕ್ಕಪ್ಪ" ಎಂದು ನನ್ನ ಕಡೆ ಚಾಚಿದಳು. ನಾನು ಅದನ್ನು ಹಾಗೆಯೇ ಪಕ್ಕದವನಿಗೆ ದಾಟಿಸಿದೆ. ಬೀದಿಯಲ್ಲಿ ಕೈ ಚಾಚಿ ತಿನ್ನುವುದು ನನಗೆ ಆಗದು. ನಮ್ಮ ತಂದೆಗೂ ಆಗುತ್ತಿರಲಿಲ್ಲ.

"ಆ ಸೊಕ್ಕಿನ ಮೂಗು ನಿಮ್ಮಪ್ಪಂದು" ಎಂದಳು ಹಿಕ್ಮತ್, ಸೌಟು ಆಡಿಸುತ್ತಲೇ. "ಬೇರೆ ಆಸ್ತಿ ಏನೂ ಬಿಡದಿದ್ರೂ ಅದನ್ನ ಬಿಟ್ಟು ಹೋದ್ರು ನೋಡಿ."

ಪಾತ್ರೆ ಖಾಲಿಯಾಯಿತು. ನನ್ನ ಮನಸ್ಸು ಹಗುರಾಯಿತು. ಆದರೆ ಎರಡು ದಿನ ಬಿಟ್ಟು ಹಿಕ್ಮತ್ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಅಕ್ಕ ಕನಸಲ್ಲಿ ಬಂದಿದ್ದಳು ಹಾಜಿ. ಬೆನ್ನು ತಿರುಗಿಸಿ ಕೂತಿದ್ದಳು. ಇನ್ಸಾಫ್, ಸಾರು ಚೆನ್ನಾಗಿತ್ತಾ ಅಂದೆ. ತಿರುಗಿ ನೋಡ್ಲಿಲ್ಲ."

"ಉಪ್ಪು ಹೆಚ್ಚಾಗಿತ್ತು, ಅದಕ್ಕಿರಬೇಕು."

"ತಮಾಷೆ ಮಾಡ್ಬೇಡಿ. ಬಾಗಿಲು ತಪ್ಪಿದೆ."

ನಾನು ತಮಾಷೆ ಮಾಡಿದೆನೇ ಹೊರತು, ಆ ಬೆನ್ನು ನನ್ನ ಕಣ್ಣಿಗೂ ಕಟ್ಟಿತು. ಸಿಟ್ಟು ಬಂದರೆ ಇನ್ಸಾಫ್ ಕೂಗಾಡುತ್ತಿರಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತು ಬೀನ್ಸ್ ಬಿಡಿಸುತ್ತಿದ್ದಳು.

ಹೀಗೆ ನಾನು ಪೂರ್ವದ ಕಡೆಗೆ ಹೊರಟೆ. ಬಹ್ರೀಯವರಿಗೆ ಇದು ಸಣ್ಣ ಮಾತಲ್ಲ. ನಮಗೆ ಮನ್ಶಿಯ್ಯಾ ಚೌಕ ದಾಟಿದರೆ ಪ್ರಯಾಣ, ರಮ್ಲ್ ನಿಲ್ದಾಣ ದಾಟಿದರೆ ಪರದೇಶ. ಕೆಲಸವಿದ್ದಾಗ ಹೋಗಿದ್ದೇನೆ, ಇಲ್ಲವೆನ್ನುವುದಿಲ್ಲ. ಸುಮ್ಮನೆ ತಿರುಗಾಡಲು ಹೋಗಿದ್ದಿಲ್ಲ. ಇನ್ಸಾಫ್ ಹಾಗಲ್ಲ. ಗುಡ್ಡದ ಮೇಲೆ ಬೆಳೆದವಳು, ಊರನ್ನೆಲ್ಲ ಮೇಲಿನಿಂದ ನೋಡಿದವಳು. ನಾನು ಅಂಗಳಕ್ಕೆ ಹೋದ ಮೇಲೆ ಮನೆಗೆಲಸ ಮುಗಿಸಿ ಟ್ರಾಮ್ ಹತ್ತುತ್ತಿದ್ದಳು. ಕೆಲವೊಮ್ಮೆ ತಂಗಿಯ ಜೊತೆ, ಹೆಚ್ಚಾಗಿ ಒಬ್ಬಳೇ. "ರಜಾ ದಿನ ಬರ್ತೀರಾ? ಸೀದಿ ಬಿಶ್ರ್ ಕಡೆ ಸಮುದ್ರ ನೋಡ್ಕೊಂಡು ಬರೋಣ" ಎಂದು ಕರೆಯುತ್ತಿದ್ದಳು. "ಸಮುದ್ರ ಇಲ್ಲೂ ಇದೆ" ಎನ್ನುತ್ತಿದ್ದೆ. ಅವಳು ನಗುತ್ತ, "ಅದು ನಿಮ್ಮ ಸಮುದ್ರ, ರಾಳದ ವಾಸನೆ" ಎನ್ನುತ್ತಿದ್ದಳು. ಸಂಜೆ ಬಂದು ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ನಾನು ರೇಡಿಯೋದಲ್ಲಿ ದೂರದ ಊರಿನ ಸುದ್ದಿ ಕೇಳುವ ಹಾಗೆ ಕೇಳುತ್ತಿದ್ದೆ.

"ನಾನು ಮುಂದೆ ಹೋಗ್ತೀನಿ, ನೀವು ಪಾತ್ರೆ ಹಿಡ್ಕೊಂಡು ಹಿಂದೆ ಬನ್ನಿ" ಎಂದಳು ಹಿಕ್ಮತ್. "ಹೆಂಡತಿ ಸತ್ತು ತಿಂಗಳಾಗಿಲ್ಲ, ನಾದಿನಿ ಜೊತೆ ತಿರುಗ್ತಾನೆ ಅಂತ ಜನ ಅಂದಾರು. ಈಗ ನನ್ನ ಕೂಲಿಯವನು ಅಂದ್ಕೊಳ್ತಾರೆ."

"ಕೂಲಿ ಎಷ್ಟು ಕೊಡ್ತೀಯ?"

"ಕೆಲಸ ನೋಡಿ ಕೊಡ್ತೀನಿ."

ಟ್ರಾಮಿನಲ್ಲಿ ಹೆಂಗಸರಿಗೆ ಬೇರೆ ಡಬ್ಬಿ. ಹಿಕ್ಮತ್ ಅದನ್ನು ಹತ್ತುವ ಮೊದಲು, ಕಿಟಕಿಯಿಂದ ಕೈ ತೋರಿಸಿದಾಗ ಇಳಿಯಿರಿ ಎಂದು ಹೇಳಿದ್ದಳು. ನಾನು ಪಾತ್ರೆಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಕಿಟಕಿಯಿಂದ ಕತ್ತು ಚಾಚಿ ಕುಳಿತೆ. ಒಂದು ನಿಲ್ದಾಣದಲ್ಲಿ ಕೈಯೊಂದು ಕಾಣಿಸಿತು, ಇಳಿದೆ. ಟ್ರಾಮ್ ಹೋಯಿತು. ಅದು ಕಡಲೆಕಾಯಿ ಸಿಪ್ಪೆ ಎಸೆದ ಬೇರೆ ಯಾವುದೋ ಹೆಂಗಸಿನ ಕೈ. ನಾನು ಬಿಸಿ ಸಾರಿನ ಪಾತ್ರೆಯೊಡನೆ ಹೆಸರೇ ತಿಳಿಯದ ನಿಲ್ದಾಣದಲ್ಲಿ ನಿಂತೆ. ಮುಂದಿನ ಟ್ರಾಮ್ ಹಿಡಿದು, ಕಂಡಕ್ಟರನನ್ನು ಕೇಳಿ, ನಾವು ಹೊರಟಿದ್ದ ಸೀದಿ ಗಾಬಿರ್‌ನಲ್ಲಿ ಇಳಿದಾಗ ಹಿಕ್ಮತ್ ಬೆಂಚಿನ ಮೇಲೆ ಕೂತು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

"ಹುಟ್ಟಿದ ಊರಲ್ಲೇ ಕಳೆದುಹೋದ್ರಲ್ಲ ಹಾಜಿ! ಅಕ್ಕ ಇದ್ದಿದ್ರೆ..." ಎಂದವಳು ಮುಖ ಒರೆಸಿಕೊಂಡು ಎದ್ದಳು.

ಸೀದಿ ಗಾಬಿರರ ಬಾಗಿಲಲ್ಲಿ ಜಪಮಣಿ ಮಾರುವ ಮುದುಕಿಯೊಬ್ಬಳು ಹಿಕ್ಮತ್‌ಳನ್ನು ದೂರದಿಂದಲೇ ಗುರುತಿಸಿದಳು. "ನಿಮ್ಮಕ್ಕ ಎಲ್ಲಿ? ಮೊಣಕಾಲಿಗೆ ಎಣ್ಣೆ ತಂದ್ಕೊಡ್ತೀನಿ ಅಂದಿದ್ದಳು" ಎಂದಳು. ನಾವು ಹೇಳಿದೆವು. ಮುದುಕಿ ಎರಡೂ ಕೈ ಎತ್ತಿ ಫಾತಿಹಾ ಓದಿದಳು. ಹರಕೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಸಾರನ್ನು ಅಲ್ಲಿಯೇ ಹಂಚಿದೆವು. ಖಾಲಿ ಪಾತ್ರೆ ಹಿಡಿದು ಮುಂದೆ ಸೀದಿ ಬಿಶ್ರ್‌ಗೆ ಹೋದೆವು, ವಿಚಾರಿಸಿಯಾದರೂ ಬರೋಣವೆಂದು. ಅಲ್ಲಿಯೂ ಯಾರಿಗೂ ಗೊತ್ತಿಲ್ಲ. ದಣಿದು ಸಮುದ್ರದ ಕಡೆ ನಡೆದೆವು.

ನವೆಂಬರ್ ತಿಂಗಳ ಸಮುದ್ರ. ಬೇಸಿಗೆಯ ಜನ ಯಾರೂ ಇಲ್ಲ. ದಂಡೆಯ ರಸ್ತೆಯ ಪಕ್ಕದ ಕಟ್ಟೆಯ ಹತ್ತಿರ ಗೆಣಸು ಸುಡುವ ಗಾಡಿಯೊಂದು ನಿಂತಿತ್ತು. ಅದರ ತಗಡಿನ ಚಿಮಣಿಯಿಂದ ಸಿಹಿ ಹೊಗೆ ಬರುತ್ತಿತ್ತು. ಗಾಡಿಯವನು ಹಿಕ್ಮತ್‌ಳನ್ನು ನೋಡಿ ಸಲಾಂ ಹೇಳಿ, ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇವರೇನಾ ಹಾಜಿ?"

"ಇವರೇ" ಎಂದಳು ಹಿಕ್ಮತ್.

"ಬಹ್ರೀ ಬಿಟ್ಟು ಬರಲ್ಲ ಅಂತಿದ್ದರಲ್ಲ ಇನ್ಸಾಫಮ್ಮ? ಹೇಗೆ ಕರ್ಕೊಂಡು ಬಂದ್ರಿ, ಕೈಕಾಲು ಕಟ್ಟಿ ತಂದ್ರಾ? ಅವರೆಲ್ಲಿ?"

ಅವಳು ಹೋದದ್ದನ್ನು ಅವತ್ತು ಮತ್ತೊಮ್ಮೆ ಹೇಳಿದೆ. ಆ ಮನುಷ್ಯನ ಹೆಸರು ಅತ್ರೀಸ್. ಅವನು ಇಕ್ಕಳ ಕೆಳಗಿಟ್ಟು, ತಲೆಯ ಟೋಪಿ ತೆಗೆದು ಹಿಂಡುತ್ತ ನಿಂತ. ಆಮೇಲೆ ಹೇಳಿದ:

"ಒಂದು ಗೆಣಸು ತಗೋತಿದ್ರು ಚಿಕ್ಕಪ್ಪ. ಈ ಕಟ್ಟೆ ಮೇಲೇ ಕೂತು ಅರ್ಧ ತಿನ್ನೋರು. ಇನ್ನರ್ಧ ಕಾಗದದಲ್ಲಿ ಸುತ್ತಿ ಚೀಲದೊಳಗೆ. ಇದು ಹಾಜಿಗೆ ಅನ್ನೋರು. ಅಲ್ಲಿಗೆ ಹೋಗೋ ಹೊತ್ತಿಗೆ ಕಲ್ಲಾಗಿರತ್ತೆ ಅಮ್ಮಾ ಅಂದ್ರೆ, ಅವರಿಗೆ ಹಲ್ಲು ಗಟ್ಟಿ ಅನ್ನೋರು."

ಚಳಿಗಾಲದ ಸಂಜೆಗಳಲ್ಲಿ ನನ್ನ ತಟ್ಟೆಯಲ್ಲಿ ಅರ್ಧ ಗೆಣಸು ಇರುತ್ತಿತ್ತು. ಯಾವಾಗಲೂ ತಣ್ಣಗಿರುತ್ತಿತ್ತು. ನಮ್ಮ ಓಣಿಯ ತಿರುವಿನ ಗಾಡಿಯವನದೆಂದು ತಿಳಿದು, ಇವನಿಗೆ ಬಿಸಿಯಾಗಿ ಕೊಡಲು ಏನು ಕಷ್ಟ ಎಂದು ಆ ಬಡಪಾಯಿಯನ್ನು ಎಷ್ಟೋ ವರ್ಷ ಬಯ್ದಿದ್ದೇನೆ. ಇನ್ಸಾಫ್ ಒಮ್ಮೆಯೂ ತಿದ್ದಲಿಲ್ಲ. ನಾನು ಸಮುದ್ರದ ಕಡೆ ತಿರುಗಿ ನಿಂತೆ. ನಿಜಕ್ಕೂ ಅದು ಬೇರೆ ಸಮುದ್ರವೇ. ಅಲ್ಲಿ ರಾಳದ ವಾಸನೆ ಇರಲಿಲ್ಲ.

"ಹರಕೆ ವಿಷಯ ಏನಾದ್ರೂ ಹೇಳಿದ್ದಳಾ?" ಎಂದು ಹಿಕ್ಮತ್ ಕೇಳಿದಳು.

"ಹರಕೆ ಗೊತ್ತಿಲ್ಲ ಅಮ್ಮಾ. ಹೋದ ವರ್ಷ, ಹಾಜಿ ಆಸ್ಪತ್ರೆಯಿಂದ ಬಂದ ಮೇಲೆ, ಇಲ್ಲೇ ಕೂತು ಹಸಿರು ರೇಷ್ಮೆ ಬಟ್ಟೆಗೆ ಅಂಚು ಹೊಲೀತಿದ್ರು. ಯಾವುದೋ ಗೋರಿಗೆ ಹೊದಿಸೋದಕ್ಕೆ. ಹೆಂಗಸರ ಇಕ್ಕಟ್ಟಲ್ಲಿ, ಹಸ್ಬುಲ್ಲಾ ಅಂಗಡೀಲಿ ತಗೊಂಡೆ, ಅಳತೆ ತಪ್ಪಿ ಕೊಟ್ಟ ಅಂತ ಬೈತಿದ್ರು."

ಹೆಂಗಸರ ಇಕ್ಕಟ್ಟು ಎಂಬುದು ಮನ್ಶಿಯ್ಯಾದ ಹಿಂದಿನ ಒಂದು ಬಟ್ಟೆ ಓಣಿ. ಹೆಸರಿಗೆ ತಕ್ಕಂತೆ ಅಲ್ಲಿ ಇಬ್ಬರು ಎದುರು ಬದುರಾದರೆ ಒಬ್ಬರು ಅಂಗಡಿಯೊಳಗೆ ಸರಿಯಬೇಕು. ಗಂಡಸರು ಸಾಮಾನ್ಯವಾಗಿ ಅದರ ಬಾಯಿಯಲ್ಲೇ ನಿಂತು ಕಾಯುತ್ತಾರೆ. ನಾನೂ ಹಾಗೆ ಎಷ್ಟೋ ಸಲ ಕಾದಿದ್ದೇನೆ. ಈ ಸಲ ಒಳಗೆ ಹೋದೆ. ಬೆಳಗಿನಿಂದ ಗಾಳಿ ಎದ್ದಿತ್ತು. ನಮ್ಮಲ್ಲಿ ಚಳಿಗಾಲದ ಪ್ರತಿ ಬಿರುಗಾಳಿಗೂ ಹೆಸರಿದೆ. ಇದರ ಹೆಸರು ಪೊರಕೆ, ಸಮುದ್ರವನ್ನೂ ಬೀದಿಯನ್ನೂ ಒಟ್ಟಿಗೆ ಗುಡಿಸುವುದರಿಂದ. ಓಣಿಯ ಮೇಲೆ ಕಟ್ಟಿದ್ದ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಕೆಳಗೆ ಗುಂಡಿ, ಲೇಸು, ಟೇಪು, ಮದುವೆಯ ಬಟ್ಟೆ, ಮತ್ತು ಎಲ್ಲರೂ ಎಲ್ಲರನ್ನೂ ತಳ್ಳುವ ಹೆಂಗಸರು.

"ಚಿಕ್ಕಪ್ಪ, ದಾರಿ ಬಿಡಿ, ಇಲ್ಲಾಂದ್ರೆ ಬಟ್ಟೆ ತಗೊಳ್ಳಿ!" ಎಂದು ಒಬ್ಬಳು ನನ್ನ ಪಕ್ಕೆಗೆ ಮೊಣಕೈ ಕೊಟ್ಟಳು.

ಹಸ್ಬುಲ್ಲಾ ತೆಳ್ಳಗಿನ ಮನುಷ್ಯ, ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾನೆ. ಇನ್ಸಾಫಳ ಸುದ್ದಿ ಕೇಳಿ ಸೂಜಿಗಳನ್ನೆಲ್ಲ ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ.

"ನನ್ನ ಹತ್ತಿರ ಜಗಳ ಆಡದೆ ಒಂದು ಮೊಳ ಬಟ್ಟೆ ಒಯ್ದವರಲ್ಲ. ಅಲ್ಲಾಹ್ ಅವರಿಗೆ ಕರುಣೆ ತೋರಲಿ. ಆ ಹಸಿರು ಬಟ್ಟೆ ನೆನಪಿದೆ. ನಾನು ದೊಡ್ಡ ಗೋರಿ ಅಂದ್ಕೊಂಡು ಉದ್ದ ಕತ್ತರಿಸಿದೆ. ಅದನ್ನ ನೋಡಿ ಅವರು, ಅಯ್ಯೋ, ನಮ್ಮ ಪುಣ್ಯಪುರುಷರು ಸಣ್ಣ ಮನುಷ್ಯ ಕಣಪ್ಪಾ, ಕಾಲುವೆ ದಂಡೆ ಸೀದಿ ಗುನೈಮ್, ಅವರಿಗೆ ಇದರಲ್ಲಿ ಎರಡು ಹೊದಿಕೆ ಆಗತ್ತೆ ಅಂದ್ರು."

ಸೀದಿ ಗುನೈಮ್! ನಾನು ಹಿಕ್ಮತ್ ಕಡೆ ನೋಡಿದೆ. ಅವಳಿಗೂ ಆ ಹೆಸರು ಹೊಸದು. ಆದರೆ ಕಾಲುವೆ ಎಂದ ಕೂಡಲೇ ನನಗೆ ಆಸ್ಪತ್ರೆಯ ಕಿಟಕಿ ನೆನಪಾಯಿತು. ಕಿಟಕಿಯಿಂದ ಮಹ್ಮೂದಿಯ್ಯಾ ಕಾಲುವೆಯ ಕೆಸರು ನೀರು ಕಾಣುತ್ತಿತ್ತು.

"ಹಾಗಾದ್ರೆ ಹೊದಿಕೆ ಕೊಟ್ಟಾಯ್ತು, ಹರಕೆ ತೀರ್ತಲ್ಲ?" ಎಂದಳು ಹಿಕ್ಮತ್ ಓಣಿಯಿಂದ ಹೊರಗೆ ಬರುವಾಗ.

"ತೀರಿದ್ದರೆ ಸಾಯುವಾಗ ಯಾಕೆ ನೆನೆದಳು?"

ಗುರುವಾರ, ಗಾಳಿ ಇನ್ನೂ ಜೋರಾಗಿರುವಾಗಲೇ, ನಾವು ಮತ್ತೆ ಪಾತ್ರೆ ತುಂಬಿಕೊಂಡು ಹೊರಟೆವು. ಮೊದಲು ಗೋರಿಗಳ ಅಂಗಳಕ್ಕೆ ಹೋಗಿ ಇನ್ಸಾಫಳ ತಲೆದೆಸೆಯಲ್ಲಿ ಕುರ್‌ಆನಿನ ಯಾಸೀನ್ ಅಧ್ಯಾಯ ಓದಿದೆ. ಅಲ್ಲಿಂದ ಕರ್ಮೂಸ್ ಕೇರಿಯ ಓಣಿಗಳಲ್ಲಿ ಕಾಲುವೆಯ ಕಡೆಗೆ ಇಳಿದೆವು. ಕಮ್ಮಾರರ ಅಂಗಡಿಗಳು, ಕೋಳಿಪಂಜರಗಳು, ಬಾಲ್ಕನಿಗಳಿಂದ ಇಳಿಬಿಟ್ಟ ಬುಟ್ಟಿಗಳು, ಕಿಟಕಿಯಿಂದ ಕಿಟಕಿಗೆ ಕೂಗಾಟ. ಗಾಳಿಗೆ ಯಾರದೋ ಹಾಸಿಗೆ ಬಟ್ಟೆ ಹಾರಿಬಂದು ನನ್ನ ತಲೆಯ ಮೇಲೆ ಬಿತ್ತು. ಮೇಲಿನಿಂದ ಹೆಂಗಸೊಬ್ಬಳು, "ಅಲ್ಲೇ ಇರಿ ಹಾಜಿ, ಮದುಮಗಳ ಹಾಗೆ ಕಾಣ್ತೀರಿ, ಈಗ ಬಂದೆ!" ಎಂದು ನಗುತ್ತ ಇಳಿದು ಬಂದು ತೆಗೆದುಕೊಂಡಳು. ಸೀದಿ ಗುನೈಮ್ ಎಲ್ಲಿ ಎಂದದ್ದಕ್ಕೆ ತಾನೇ ಮುಂದೆ ಬಂದು ದಾರಿ ತೋರಿಸಿದಳು.

ಅದೊಂದು ಸಣ್ಣ ಗುಮ್ಮಟ. ಸುಣ್ಣ ಬಳಿದ ಗೋಡೆ, ಹಸಿರು ಬಾಗಿಲು, ಮುಂದೆ ಆಲದಂಥ ಒಂದು ದೊಡ್ಡ ಅತ್ತಿಮರ. ಗೋಡೆಯ ಮರೆಯಲ್ಲಿ ಗಾಳಿ ತಾಕದ ಜಾಗದಲ್ಲಿ ಉದ್ದಕ್ಕೆ ಚಾಪೆ ಹಾಸಿತ್ತು. ಅದರ ಮೇಲೆ ಸಾಲಾಗಿ ಜನ. ಕೂಲಿಗಳು, ಮುದುಕಿಯರು, ಆಸ್ಪತ್ರೆಯಿಂದ ಬಂದವರು. ಒಳಗೆ ಗೋರಿಯ ಮೇಲೆ ಹಸಿರು ಹೊದಿಕೆ ಇತ್ತು. ಅಂಚಿನ ಹೊಲಿಗೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಇನ್ಸಾಫ್ ಮೂಲೆಗಳಲ್ಲಿ ದಾರವನ್ನು ಎರಡು ಸುತ್ತು ಹೆಚ್ಚಾಗಿ ಸುತ್ತುತ್ತಾಳೆ.

ಬಾಗಿಲು ಕಾಯುವವಳ ಹೆಸರು ನಯೀಮಾ. ದಪ್ಪ ಕನ್ನಡಕದ ದೊಡ್ಡ ಹೆಂಗಸು. ಹಿಕ್ಮತ್ ವಿಷಯವನ್ನೆಲ್ಲ ಹೇಳಿದಳು. ನಯೀಮಾ ಬಹಳ ಹೊತ್ತು ನನ್ನನ್ನೇ ನೋಡಿದಳು.

"ಪಾತ್ರೆಯಲ್ಲಿ ಏನಿದೆ?"

"ಫೂಲ್ ಸಾರು. ಇನ್ಸಾಫಳ ಹರಕೆ" ಎಂದೆ.

"ಅವಳ ಹರಕೆ ಸಾರು ಹಂಚೋದಲ್ಲ ಹಾಜಿ. ಕೂತ್ಕೊಳ್ಳಿ, ಹೇಳ್ತೀನಿ."

ನಾವು ಹೊಸಿಲ ಮೇಲೆ ಕೂತೆವು. ನಯೀಮಾ ಹೇಳಿದಳು.

ನನಗೆ ಪ್ರಜ್ಞೆ ಇಲ್ಲದ ದಿನಗಳಲ್ಲೊಂದು ಮಧ್ಯಾಹ್ನ ಇನ್ಸಾಫ್ ಆಸ್ಪತ್ರೆಯಿಂದ ಹೊರಗೆ ಬಂದು ಕಾಲುವೆಯ ದಂಡೆಯಲ್ಲಿ ಸುಮ್ಮನೆ ನಡೆಯುತ್ತಿದ್ದಳು. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಈ ಮರದ ಹತ್ತಿರ ಬಂದಾಗ ಕಣ್ಣು ಕತ್ತಲೆ ಬಂದು ಚಾಪೆಯ ಮೇಲೆ ಕುಸಿದು ಕೂತಳು. ಯಾರೋ ಅವಳನ್ನು ಬಡವಿಯೆಂದು ತಿಳಿದು ಕೈಗೆ ಒಂದು ಬಟ್ಟಲು ಇಟ್ಟರು.

"ತಿನ್ನಲ್ಲ ಅಂದಳು. ನಾವು ಬೀದಿಯಲ್ಲಿ ತಗೊಳ್ಳೋರಲ್ಲ, ನನ್ನ ಗಂಡನಿಗೆ ಗೊತ್ತಾದ್ರೆ ಬೇಜಾರಾಗತ್ತೆ ಅಂದಳು. ನಾನು ಬೈದೆ. ನಿನ್ನ ಗಂಡ ಅಲ್ಲಿ ಮಲಗಿದ್ದಾನೆ, ನೀನು ಇಲ್ಲಿ ಬಿದ್ದರೆ ಅವನನ್ನ ನೋಡೋರು ಯಾರು ಅಂದೆ. ಆಮೇಲೆ ತಿಂದಳು. ಅಳ್ತಾ ತಿಂದಳು. ಬಟ್ಟಲು ಖಾಲಿ ಮಾಡಿ ಹೇಳಿದಳು, ಇಷ್ಟು ರುಚಿಯಾದ್ದು ನಾನು ತಿಂದೇ ಇಲ್ಲ ನಯೀಮಾ, ಎಲ್ಲಾ ಕಡೆ ಕೊಡೋದೊಂದನ್ನೇ ಕಲ್ತಿದ್ದೆವು ಅಂತ. ಅವತ್ತೇ ಈ ಬಾಗಿಲು ಹಿಡ್ಕೊಂಡು ಮಾತು ಕೊಟ್ಟಳು. ಅವರು ಎದ್ದರೆ ಇಲ್ಲಿಗೆ ಕರ್ಕೊಂಡು ಬರ್ತೀನಿ. ನಾನು ಕೂತ ಜಾಗದಲ್ಲಿ ಕೂರಿಸಿ, ಗುರುತಿಲ್ಲದವರ ಕೈಯಿಂದ ಒಂದು ಬಟ್ಟಲು ಕೊಡಿಸ್ತೀನಿ ಅಂತ."

ಹಿಕ್ಮತ್ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ನಯೀಮಾ ಮುಂದುವರಿಸಿದಳು:

"ಹೊದಿಕೆ ತಂದಾಗ ಕೇಳಿದೆ, ಎಲ್ಲಮ್ಮಾ ನಿನ್ನ ಗಂಡ ಅಂತ. ಎದೆ ಇನ್ನೂ ಸರಿಯಾಗಿಲ್ಲ, ಬೇಸಿಗೆ ಕಳೀಲಿ ಅಂದಳು. ಬೇಸಿಗೆ ಕಳೆದ ಮೇಲೆ ಬಂದು, ಹೇಗೆ ಕೇಳೋದೋ ಗೊತ್ತಾಗ್ತಿಲ್ಲ, ಒಳ್ಳೆ ಗಳಿಗೆ ನೋಡ್ತಿದ್ದೀನಿ ಅಂತ ನಕ್ಕಳು. ಆಮೇಲೆ ಬರಲೇ ಇಲ್ಲ."

ಒಳ್ಳೆಯ ಗಳಿಗೆ ಕಾಯುತ್ತಿರುವಾಗಲೇ ಅವಳಿಗೆ ಕಾಯಿಲೆ ಬಂತು.

ನನಗೆ ಶಾಸ್ತ್ರದ ಮಾತು ಗೊತ್ತು. ಒಬ್ಬರ ಹರಕೆ ಇನ್ನೊಬ್ಬರ ಮೈಮೇಲೆ ಬೀಳುವುದಿಲ್ಲ. ಕರೆದುಕೊಂಡು ಬರುವುದು ಅವಳ ಮಾತಾಗಿರಬಹುದು, ತಿನ್ನುವುದು ನನಗೆ ಕಡ್ಡಾಯವಲ್ಲ. ನನ್ನ ಮುಖ ನೋಡಿ ನಯೀಮಾಳಿಗೂ ಅದು ತಿಳಿದಿರಬೇಕು.

"ಬಲವಂತ ಇಲ್ಲ ಹಾಜಿ. ನೀವು ಬೇಡ ಅಂದ್ರೂ ಪಾಪ ಇಲ್ಲ. ಆ ಸಾರು ಹಂಚಿ ಹೋಗಿ, ಅಲ್ಲಾಹ್ ಸ್ವೀಕರಿಸ್ತಾನೆ."

"ಗೊತ್ತು" ಎಂದೆ.

"ನನ್ನ ಕಡೆ ನೋಡ್ಬೇಡಿ" ಎಂದಳು ಹಿಕ್ಮತ್. "ನಾನೇನೂ ಹೇಳಲ್ಲ." ಹಿಕ್ಮತ್ ಏನೂ ಹೇಳದೆ ಇದ್ದದ್ದು ಅವತ್ತೊಂದೇ ದಿನ.

ನಾನು ಎದ್ದೆ. ನಮ್ಮ ಪಾತ್ರೆಯಿಂದ ನಾನು ತಿನ್ನುವಂತಿರಲಿಲ್ಲ. ಸ್ವಂತ ಹರಕೆಯ ಅಡುಗೆ ಸ್ವಂತ ಹೊಟ್ಟೆಗೆ ಸಲ್ಲದು. ಇನ್ಸಾಫ್ ಕೇಳಿದ್ದೂ ಅದನ್ನಲ್ಲ. ಚಾಪೆಯ ಆ ತುದಿಯಲ್ಲಿ ಎಳೆಯ ಹೆಂಗಸೊಬ್ಬಳು ಇನ್ನೊಂದು ಪಾತ್ರೆ ಇಟ್ಟುಕೊಂಡು ಬಡಿಸುತ್ತಿದ್ದಳು. ನಾನು ಚಪ್ಪಲಿ ಬಿಟ್ಟು, ಸಾಲಿನಲ್ಲಿ ಒಬ್ಬ ಕೂಲಿಯವನ ಪಕ್ಕ ಕೂತೆ. ಮೊಣಕಾಲು ಮಡಿಚಲು ಕಷ್ಟವಾಯಿತು.

"ಸ್ವಲ್ಪ ಸರಿದು ಕೂತ್ಕೊಳ್ಳಿ ಚಿಕ್ಕಪ್ಪ, ಅಲ್ಲಿ ಗಾಳಿ ಹೊಡೆಯತ್ತೆ" ಎಂದ ಕೂಲಿಯವನು. "ಮೊದಲ ಸಲಾನಾ?"

"ಹೌದು."

"ಗೊತ್ತಾಯ್ತು. ಕೈ ಹಿಂದೆ ಕಟ್ಕೊಂಡು ಕೂತ್ರೆ ಬಟ್ಟಲು ಮೂಗಿನ ಮೇಲೆ ಇಡಬೇಕಾಗತ್ತೆ. ಮುಂದೆ ಚಾಚಿ."

ನಾನು ಕೈಗಳನ್ನು ಮುಂದೆ ಚಾಚಿದೆ. ದೋಣಿಯ ಅಂಗಳದಲ್ಲಿ ಎಷ್ಟೋ ವರ್ಷ ಸುತ್ತಿಗೆ ಹಿಡಿದ ಕೈಗಳು ಹಾಗೆ ಖಾಲಿಯಾಗಿ, ಅಂಗೈ ಮೇಲಾಗಿ ನಿಂತದ್ದು ನಮಾಜಿನ ಪ್ರಾರ್ಥನೆಯಲ್ಲಿ ಮಾತ್ರ. ಆ ಹೆಂಗಸು ಬಟ್ಟಲು ತುಂಬಿಸಿ ನನ್ನ ಅಂಗೈಗಳಲ್ಲಿ ಇಟ್ಟಳು. ಬಿಸಿಯಾಗಿತ್ತು. ಹೆಸರುಬೇಳೆಯ ಹಾಗೆ ಕರಗಿದ ಕಾಳು, ಮೇಲೆ ನಿಂಬೆಹಣ್ಣು. ಬಿಸ್ಮಿಲ್ಲಾ ಎಂದು ಬಾಯಿಗಿಟ್ಟೆ. ಕಣ್ಣೀರು ಸಾರಿನಲ್ಲಿ ಬೀಳದಿರಲೆಂದು ತಲೆ ಎತ್ತಿ ತಿಂದೆ.

"ಖಾರ ಜಾಸ್ತಿಯಾಯ್ತಾ ಚಿಕ್ಕಪ್ಪ?" ಎಂದಳು ಅವಳು ಗಾಬರಿಯಿಂದ.

"ಇಲ್ಲ ಮಗಳೇ. ಚೆನ್ನಾಗಿದೆ. ನಿನ್ನ ಹೆಸರೇನು?"

"ಶಾದಿಯಾ."

"ಹರಕೆ ಯಾತಕ್ಕೆ?"

ಅವಳು ಆಸ್ಪತ್ರೆಯ ಕಡೆ ಕಣ್ಣು ತೋರಿಸಿದಳು. "ನಮ್ಮಮ್ಮ. ನಾಳೆ ಆಪರೇಷನ್. ಮೊದಲೇ ಕೊಟ್ಬಿಡೋಣ ಅಂತ ಬಂದೆ, ತಡ ಮಾಡಿದ್ರೆ ಮನಸ್ಸು ತಡೆಯಲ್ಲ." ಸೌಟು ಹಿಡಿದ ಕೈಯಿಂದಲೇ ಹಣೆ ಒರೆಸಿಕೊಂಡಳು. "ನೀವು ಹಿರಿಯರು. ತಿಂದ ಮೇಲೆ ನಮ್ಮಮ್ಮನಿಗೋಸ್ಕರ ಬೇಡ್ಕೊಳ್ತೀರಾ?"

ಕೊಡುವವನಾಗಿ ಎಷ್ಟೋ ಬಾಗಿಲುಗಳಲ್ಲಿ ನಿಂತಿದ್ದೇನೆ. ಕೊಟ್ಟು, ಪಾತ್ರೆ ಎತ್ತಿಕೊಂಡು, ಹೆಗಲು ನೆಟ್ಟಗೆ ಮಾಡಿ ಮನೆಗೆ ಬಂದಿದ್ದೇನೆ. ತಿಂದವನ ಮೇಲೊಂದು ಕೆಲಸ ಬೀಳುತ್ತದೆ ಎಂದು ಅವತ್ತು ತಿಳಿಯಿತು. ಬಟ್ಟಲು ಕೆಳಗಿಟ್ಟೆ. ಅವಳ ತಾಯಿಯ ಹೆಸರು ಕೇಳಿಕೊಂಡೆ. ಜೈನಬ್ ಎಂದಳು. ಸಾಲಿನಲ್ಲಿ ಕೂತವರೆಲ್ಲ ಕೈ ಎತ್ತಿದರು. ನಾನು ಜೈನಬಳಿಗಾಗಿ ಬೇಡಿದೆ, ಅವಳ ಮೈಗೆ ನೋವು ಕಡಿಮೆಯಾಗಲಿ, ಮಗಳ ಮನೆಗೆ ನಡೆದು ಬರಲಿ ಎಂದು. ಆಮೇಲೆ ಗಟ್ಟಿಯಾಗಿಯೇ, "ಯಾ ಅಲ್ಲಾಹ್, ಇನ್ಸಾಫಳ ಮಾತು ನಡೆಯಿತು. ಅವಳನ್ನು ಬಿಡುಗಡೆ ಮಾಡು" ಎಂದೆ. ಗುರುತಿಲ್ಲದ ಅಷ್ಟೂ ಜನ "ಆಮೀನ್" ಎಂದರು. ಕೂಲಿಯವನ ಆಮೀನ್ ಎಲ್ಲರಿಗಿಂತ ಜೋರಾಗಿತ್ತು.

ನಮ್ಮ ಪಾತ್ರೆಯನ್ನು ಹಿಕ್ಮತ್ ಅದೇ ಸಾಲಿಗೆ ಬಡಿಸಿ ಮುಗಿಸಿದಳು. ಶಾದಿಯಾಗೂ ಒಂದು ಬಟ್ಟಲು ಕೊಟ್ಟಳು. ಅವಳೂ ಬೆಳಗಿನಿಂದ ತಿಂದಿರಲಿಲ್ಲವಂತೆ.

ಹೊರಡುವಾಗ ಗಾಳಿ ಸ್ವಲ್ಪ ಇಳಿದಿತ್ತು. ಕಾಲುವೆಯ ದಂಡೆಯಲ್ಲಿ ನಡೆಯುತ್ತ ಹಿಕ್ಮತ್, ಈ ಸಲ ಮುಂದೆ ಹೋಗದೆ, ನನ್ನ ಪಕ್ಕದಲ್ಲೇ ಬರುತ್ತಿದ್ದಳು.

"ಇವತ್ತು ಕನಸಿಗೆ ಬಂದ್ರೆ ಏನು ಹೇಳ್ಲಿ ಹಾಜಿ?"

"ಎರಡನೇ ಬಟ್ಟಲನ್ನೂ ಕೇಳಿ ತಿಂದ ಅಂತ ಹೇಳು."

"ಸುಳ್ಳು! ಒಂದೇ ತಿಂದಿದ್ದು."

"ನಾಳೆ ಬಂದು ಇನ್ನೊಂದು ತಿಂತೀನಿ. ಜೈನಬಳ ಆಪರೇಷನ್ ಏನಾಯ್ತು ಅಂತ ಕೇಳ್ಬೇಕಲ್ಲ" ಎಂದೆ. "ಯಾವ ಟ್ರಾಮ್ ಹತ್ತಬೇಕು, ಎಲ್ಲಿ ಇಳೀಬೇಕು, ಸರಿಯಾಗಿ ಹೇಳಿಕೊಡು."